ಮೇಣದ ಬ್ಲಾಕ್: ಬಳಸುವ ವಿಧಾನ

ಡಬ್ಬಿಯಲ್ಲಿರುವುದು: ಪ್ಲಾಸ್ಟಿಕ್ ಕ್ಯಾಸೆಟ್ ಮೇಲೊಂದು ಮೇಣದ ತುಂಡು. ಅದರೊಳಗೆ ಮಗುವಿನ ಮಿದುಳಿನಿಂದ ತೆಗೆದ ಗಡ್ಡೆಯ ಚೂರು. ಕಂಪ್ಲಿಯಲ್ಲಿ ಬೆಳಗಿನ ವಾಂತಿಗೆ ಪಿತ್ತದ ಮದ್ದು ಕುಡಿಸಿ, ನಡಿಗೆ ವಾಲತೊಡಗಿದ ಮೇಲೆ ಸ್ಕ್ಯಾನ್, ಆಪರೇಷನ್ ಮುಗಿಸಿದವರ ಕೈಗೆ ಬರುವುದು ಇದೇ.

1. ಸಾಗಣೆ (ಮನೆಯವರಿಗೆ). ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು, ಅಲ್ಲಿಂದ ಈ ಚೂರಿನ ಪರೀಕ್ಷೆಗೆ ನಿಮ್ಹಾನ್ಸ್. ಮೇಣ ಕರಗಲು ಸುಮಾರು 56 ಡಿಗ್ರಿ ಸಾಕು. ಮೇ ತಿಂಗಳಲ್ಲಿ ಸಂಡೂರಿನ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿಗೆ ಅದೇನು ದೊಡ್ಡ ಮಾತಲ್ಲ. ರಿಪೋರ್ಟಿಗೆ ಲ್ಯಾಮಿನೇಶನ್ ಮಾಡಿಸಿ ಬ್ಲಾಕನ್ನು ಊರಲ್ಲೇ ಬಿಟ್ಟು ಬರಬೇಡಿ. ಲ್ಯಾಮಿನೇಶನ್ ಬಣ್ಣ ಹಿಡಿಯುವುದಿಲ್ಲ.

2. ಕತ್ತರಿಸುವುದು (ಲ್ಯಾಬಿನವರಿಗೆ). 3–4 ಮೈಕ್ರಾನ್ ದಪ್ಪದ ಪದರ ತೆಗೆದು ಮಾಮೂಲಿ ಬಣ್ಣ ಹಾಕಿ. ‘ಸಣ್ಣ, ದುಂಡಗಿನ, ನೀಲಿ ಜೀವಕೋಶಗಳು’ ಎಂದು ಬರೆದು ಎದ್ದು ಹೋಗಬೇಡಿ. ಅದು ಹಂಪಿಗೆ ಹೋಗಿ ‘ಕಲ್ಲಿನ ಗುಡಿ ನೋಡಿದೆ’ ಎಂದ ಹಾಗೆ.

3. ಮೊದಲ ಮಾರ್ಕರ್: ಐಎನ್‌ಐ-1. ಮಾರ್ಕರ್ ಎಂದರೆ ಕೋಶದಲ್ಲಿ ಒಂದು ಪ್ರೋಟೀನ್ ಇದ್ದರೆ ಕಂದಾಗುವ ಬಣ್ಣ. ಗಡ್ಡೆಯ ಕೋಶಗಳ ನ್ಯೂಕ್ಲಿಯಸ್‌ಗಳು ಕಂದು ಬಣ್ಣಕ್ಕೆ ತಿರುಗದಿದ್ದರೆ ಎಟಿಆರ್‌ಟಿ ಎಂಬ ಉಗ್ರ ಗಡ್ಡೆಯ ಗುಮಾನಿ. ಗಾಬರಿಗೆ ಮುನ್ನ ಅದೇ ಸ್ಲೈಡಿನ ರಕ್ತನಾಳ ನೋಡಿ. ನಾಳದ ಕೋಶಗಳು ಕಂದಾಗಿ, ಗಡ್ಡೆ ಮಾತ್ರ ನೀಲಿ ಉಳಿದಿದ್ದರೆ ಗುಮಾನಿ ಗಟ್ಟಿ. ನಾಳವೂ ನೀಲಿಯೇ? ಕೆಟ್ಟಿರುವುದು ಪರೀಕ್ಷೆ. ಇನ್ನೊಂದು ಪದರ ಕತ್ತರಿಸಿ.

4. ಎಟಿಆರ್‌ಟಿ ಅಲ್ಲ, ಮೆಡುಲ್ಲೊಬ್ಲಾಸ್ಟೊಮಾ ಎಂಬ ಹಿಮ್ಮಿದುಳಿನ ಗಡ್ಡೆ ಎಂದಾದರೆ, ಅದರ ಗುಂಪು ಹುಡುಕಿ. ಬೀಟಾ-ಕ್ಯಾಟೆನಿನ್ ಕೋಶದ ಅಂಚಿನಲ್ಲಿ ಕಂಡರೆ ಲೆಕ್ಕಕ್ಕಿಲ್ಲ. ನ್ಯೂಕ್ಲಿಯಸ್ ಹೊಕ್ಕಿದ್ದರೆ ಡಬ್ಲ್ಯುಎನ್‌ಟಿ ಗುಂಪು, ಮಕ್ಕಳಲ್ಲಿ ಚಿಕಿತ್ಸೆಗೆ ಚೆನ್ನಾಗಿ ಬಗ್ಗುವಂಥದ್ದು. ಗ್ಯಾಬ್-1 ಕಂದಾದರೆ ಎಸ್‌ಎಚ್‌ಎಚ್. ಆಗ ಪಿ53 ಕೂಡ ನೋಡಿ: ಗಾಢ ಕಂದು ಜೀನ್ ಕೆಟ್ಟಿರುವ ಸೂಚನೆ, ಮನೆಮಂದಿಗೂ ಜೀನ್ ಪರೀಕ್ಷೆ ಬೇಕಾಗಬಹುದು. ಎರಡೂ ಅಲ್ಲದಿದ್ದರೆ ಗುಂಪು 3 ಅಥವಾ 4. ಅವನ್ನು ಬೇರ್ಪಡಿಸುವುದು ಬಣ್ಣದ ಕೈಯಲ್ಲಾಗದು, ಡಿಎನ್‌ಎ ಮೆಥಿಲೇಶನ್‌ನಂಥ ಪರೀಕ್ಷೆ ಬೇಕು.

ವಾರಂಟಿ: ಹೆಸರು ಸಿಕ್ಕ ಮಾತ್ರಕ್ಕೆ ರೋಗ ವಾಸಿಯಾಗದು. ಆದರೆ ಮಿದುಳು, ಬೆನ್ನುಹುರಿಗೆ 23.4 ಗ್ರೇ ವಿಕಿರಣವೋ 36 ಗ್ರೇಯೋ ಎಂಬ ಲೆಕ್ಕದಲ್ಲಿ ವಯಸ್ಸು, ಉಳಿದ ಗಡ್ಡೆ, ಹರಡಿಕೆಯ ಜೊತೆ ಈಗ ಗುಂಪಿನ ಹೆಸರೂ ಸೇರಿದೆ. ಹೆಚ್ಚಿನ ಗ್ರೇಗಳ ಸಾಲವನ್ನು ಮಗು ಮುಂದೆ ಓದಿನಲ್ಲಿ, ಎತ್ತರದಲ್ಲಿ ತೀರಿಸುತ್ತದೆ.

ದೂರುಗಳು: ರಿಪೋರ್ಟಿನಲ್ಲಿ ಬರೀ ‘ಮೆಡುಲ್ಲೊಬ್ಲಾಸ್ಟೊಮಾ’ ಎಂದಿದ್ದರೆ ‘ಯಾವ ಗುಂಪು ಸಾರ್?’ ಎಂದು ಕೇಳಿ. ಡಾಕ್ಟರು ಬ್ಲಾಕ್ ಎಲ್ಲಿ ಎಂದು ಕೇಳಿದರೆ, ಹಂತ 1 ನೋಡಿ.