ಮೂರು ವರ್ಷದ ಮಗುವೂ ಆಡಬಹುದು

ಸೆಪ್ಟೆಂಬರ್ ಬಂತೆಂದರೆ ಫುಟ್‌ಬಾಲ್ ವಿಡಿಯೋ ಗೇಮೊಂದು ‘ಹೊಸದಾಗಿ’ ಬರುತ್ತದೆ. 1993ರ ಕೊನೆಯಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ‘ಫಿಫಾ ಇಂಟರ್‌ನ್ಯಾಷನಲ್ ಸಾಕರ್’ ಬಿಟ್ಟಾಗಿನಿಂದ ಒಂದು ವರ್ಷವೂ ತಪ್ಪಿಲ್ಲ.

ಆ ಮೊದಲ ಆಟದಲ್ಲಿ ಫಿಫಾದ ಹೆಸರಿತ್ತು, ಆಟಗಾರರ ಹೆಸರಿರಲಿಲ್ಲ. ಬ್ರೆಜಿಲ್ ಪರ ಆಡಿದವರಿಗೆಲ್ಲ ಕಂಪನಿಯೇ ನಾಮಕರಣ ಮಾಡಿತ್ತು. ಆದರೂ ಜನ ಮುಗಿಬಿದ್ದರು. 2021ರ ಹೊತ್ತಿಗೆ ಮಾರಾಟ 32.5 ಕೋಟಿ ಪ್ರತಿ ದಾಟಿತ್ತು.

ಅಷ್ಟು ದುಡ್ಡಿಗೆ ಪ್ರತಿವರ್ಷ ಹೊಸತೇನು ಕೊಟ್ಟರು? ನಿಂಟೆಂಡೊ ಸ್ವಿಚ್ ಎಂಬ ಆಟದ ಯಂತ್ರ ಇಟ್ಟುಕೊಂಡವರನ್ನು ಕೇಳಿ. ಫಿಫಾ 20ರಿಂದ 23ರವರೆಗೆ ಅವರಿಗೆ ಸಿಕ್ಕಿದ್ದು ‘ಲೆಗಸಿ ಎಡಿಷನ್’. ಜೆರ್ಸಿ ಹೊಸದು, ತಂಡಗಳ ಪಟ್ಟಿ ಹೊಸದು, ಆಟ ಹಳೆಯದೇ. ಇದನ್ನು ಯಾರೋ ಪತ್ತೆ ಹಚ್ಚಬೇಕಿರಲಿಲ್ಲ, ಕಂಪನಿಯೇ ಹೇಳಿಕೊಂಡಿತ್ತು. ಹೇಳಿ ಮಾರಿದರೆ ಮೋಸವಲ್ಲ ತಾನೆ?

ಆದರೆ ಇದು ಚಿಲ್ಲರೆ ವ್ಯಾಪಾರ. ದೊಡ್ಡ ಗಲ್ಲಾಪೆಟ್ಟಿಗೆ ಆಟದೊಳಗಿನ ‘ಅಲ್ಟಿಮೇಟ್ ಟೀಮ್’. 2009ರಲ್ಲಿ ಶುರುವಾಯಿತು. ದುಡ್ಡು ಕೊಟ್ಟು ಪ್ಯಾಕ್ ಕೊಳ್ಳಬಹುದು. ಒಳಗೆ ಯಾವ ಆಟಗಾರ ಇದ್ದಾನೋ ಅವನ ಕಾರ್ಡ್ ನಿಮ್ಮದು. ಪರದೆ ಕತ್ತಲಾಗುತ್ತದೆ. ಬೆಳಕು ಹರಿದಾಡುತ್ತದೆ. ಮೊದಲು ದೇಶದ ಬಾವುಟ, ಆಮೇಲೆ ಆಡುವ ಜಾಗ, ಆಮೇಲೆ ಕ್ಲಬ್ಬಿನ ಲಾಂಛನ. ಎದೆ ಡವಡವ ಅನ್ನುವಷ್ಟರಲ್ಲಿ ಯಾರೂ ಕೇಳದ ಒಬ್ಬ ಬ್ಯಾಕ್ ಆಟಗಾರ ಹೊರಬರುತ್ತಾನೆ. ದೊಡ್ಡ ತಾರೆ ಸಿಗುವ ಸಾಧ್ಯತೆ ಎಷ್ಟು? ಶೇ 1ಕ್ಕಿಂತ ಕಡಿಮೆ ಎಂದು ಅಲ್ಲೇ ಬರೆದಿರುತ್ತದೆ. ಎಷ್ಟು ಕಡಿಮೆ ಎಂದು ಬರೆದಿರುವುದಿಲ್ಲ.

ಹೀಗೆ ಆಗಸ್ಟ್‌ವರೆಗೆ ದುಡ್ಡು ಸುರಿದು ಕಟ್ಟಿದ ತಂಡ ಸೆಪ್ಟೆಂಬರ್‌ನ ಆಟಕ್ಕೆ ಬರುವುದಿಲ್ಲ. ಮತ್ತೆ ಸೊನ್ನೆಯಿಂದ ಶುರು, ಮತ್ತೆ ಪ್ಯಾಕ್.

2021ರ ಮಾರ್ಚ್‌ಗೆ ಮುಗಿದ ವರ್ಷ ಕಂಪನಿಯ ಎಲ್ಲ ಕ್ರೀಡಾ ಆಟಗಳ ಅಲ್ಟಿಮೇಟ್ ಟೀಮ್‌ಗಳಿಂದ ಬಂದದ್ದು 162 ಕೋಟಿ ಡಾಲರ್. ಅದರಲ್ಲಿ ದೊಡ್ಡ ಪಾಲು ಫಿಫಾ ಆಟದ್ದು. ಈ ಆಟಕ್ಕೆ ಯುರೋಪಿನಲ್ಲಿ ಕೊಟ್ಟ ವಯಸ್ಸಿನ ಗುರುತು: ‘3+’. ಅಕ್ಷರ ಬಾರದಿದ್ದರೂ ಪರವಾಗಿಲ್ಲ, ಅಪ್ಪನ ಕಾರ್ಡ್ ನಂಬರ್ ಗೊತ್ತಿದ್ದರೆ ಸಾಕು.

ಇಂಥ ವ್ಯವಹಾರ ಜೂಜು ಎಂದು 2018ರಲ್ಲಿ ಬೆಲ್ಜಿಯಂ ಹೇಳಿತು. ಮರುವರ್ಷ ಕಂಪನಿ ಅಲ್ಲಿ ಪ್ಯಾಕ್ ಕೊಳ್ಳುವ ಪಾಯಿಂಟ್ಸ್ ಅನ್ನು ದುಡ್ಡಿಗೆ ಮಾರುವುದನ್ನು ನಿಲ್ಲಿಸಿತು. ನೆದರ್ಲೆಂಡ್ಸ್‌ನಲ್ಲಿ 1 ಕೋಟಿ ಯೂರೋ ದಂಡದ ಮಾತೆದ್ದಿತು, 2022ರಲ್ಲಿ ಮೇಲಿನ ನ್ಯಾಯಪೀಠ ಅದನ್ನು ರದ್ದು ಮಾಡಿತು. ಗಡಿ ದಾಟಿದರೆ ಪಾಪವೂ ಕಳೆಯುತ್ತದೆ. ಬ್ರಿಟನ್ ಸಂಸತ್ತಿನ ಸಮಿತಿಯ ಮುಂದೆ 2019ರಲ್ಲಿ ಕಂಪನಿಯ ಅಧಿಕಾರಿ ಕೊಟ್ಟ ಉತ್ತರ ಇನ್ನೂ ಸೊಗಸು: ಮಕ್ಕಳು ಕೊಳ್ಳುವ ಚಾಕೊಲೇಟ್ ಮೊಟ್ಟೆಯೊಳಗೂ ಅಚ್ಚರಿ ಇರುತ್ತದಲ್ಲ, ಇದೂ ಹಾಗೇ! ಆ ಮೊಟ್ಟೆ ಸೆಪ್ಟೆಂಬರ್‌ನಲ್ಲಿ ಆಟಿಕೆಯನ್ನು ವಾಪಸ್ ಕಿತ್ತುಕೊಳ್ಳುವುದಿಲ್ಲ.

ಫಿಫಾ 22ರಲ್ಲಿ ಇಂಡಿಯನ್ ಸೂಪರ್ ಲೀಗ್ ತಂಡಗಳ ಜತೆ ಬೆಂಗಳೂರು ಎಫ್‌ಸಿಯೂ ಆಟದೊಳಗೆ ಬಂತು. ಹೆಮ್ಮೆಪಟ್ಟೆವು. ಆದರೆ ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತಿತು, ನಮ್ಮ ಮಕ್ಕಳಿಗೆ ಅದರ ಚಟವೇ ಗೊತ್ತಿಲ್ಲ ಎಂದು ಬೀಗುವ ಅಪ್ಪಂದಿರು ಒಮ್ಮೆ ಮಗನ ಪರದೆ ಇಣುಕಲಿ.

ಇನ್ನು ಫಿಫಾ. ಫುಟ್‌ಬಾಲ್‌ನ ಶುದ್ಧತೆ ಕಾಯುವ ಸಂಸ್ಥೆ. ಹೆಸರು ಬಳಸಲು ನಾಲ್ಕು ವರ್ಷಕ್ಕೆ 100 ಕೋಟಿ ಡಾಲರ್ ಕೇಳಿತೆಂದು ವರದಿಯಾಯಿತು. 2022ರಲ್ಲಿ ಸಂಬಂಧ ಮುರಿಯಿತು. ಜಗಳ ಪ್ಯಾಕಿನ ಬಗ್ಗೆಯಲ್ಲ, ಬಾಡಿಗೆಯ ಬಗ್ಗೆ. ಫಿಫಾ ಹೆಸರಿನ ಆಟವೇ ಅಸಲಿ, ಅದೇ ಶ್ರೇಷ್ಠ ಎಂದು ಅಧ್ಯಕ್ಷ ಇನ್ಫಾಂಟಿನೊ ಎದೆ ತಟ್ಟಿದರು. ಮರುವರ್ಷ ‘ಇಎ ಸ್ಪೋರ್ಟ್ಸ್ ಎಫ್‌ಸಿ 24’ ಎಂಬ ನೀರಸ ಹೆಸರಿನಲ್ಲಿ ಅದೇ ಆಟ ಬಂತು, ಕೋಟಿಗೂ ಮೀರಿ ಜನ ಆಡಿದರು. ಎದೆ ತಟ್ಟಿಕೊಂಡ ಫಿಫಾ 2024ರಲ್ಲಿ ಹೋಗಿ ಕೈ ಹಿಡಿದದ್ದು ಎಲೆಕ್ಟ್ರಾನಿಕ್ ಆರ್ಟ್ಸ್‌ನ ಹಳೇ ಪ್ರತಿಸ್ಪರ್ಧಿ ಕೊನಾಮಿಯದನ್ನು.

2025ರ ಸೆಪ್ಟೆಂಬರ್‌ನಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯನ್ನೇ 5,500 ಕೋಟಿ ಡಾಲರ್‌ಗೆ ಕೊಳ್ಳುವ ಒಪ್ಪಂದ ಪ್ರಕಟವಾಯಿತು. ಖರೀದಿದಾರರಲ್ಲಿ ಮುಂದೆ ನಿಂತದ್ದು ಸೌದಿ ಅರೇಬಿಯಾದ ಸರ್ಕಾರಿ ಹೂಡಿಕೆ ನಿಧಿ. ಆ ದೇಶದಲ್ಲಿ ಜೂಜು ನಿಷಿದ್ಧ. ತೊಂದರೆಯಿಲ್ಲ ಬಿಡಿ, ಇದು ಚಾಕೊಲೇಟ್ ವ್ಯಾಪಾರ.