ವಾಲಗದ ಶ್ರುತಿ ಕೇಳಿ, ಆಮೇಲೆ ಫೇಡರ್ ಏರಿಸು

ಪ್ರೀತಿಯ ಡಿಜೆ ತಮ್ಮ,

ಕಳೆದ ಮದುವೆ ಸೀಸನ್ನಿನಲ್ಲಿ ದಕ್ಷಿಣ ಕೊಡಗಿನ ಒಂದು ಮಂಟಪದಲ್ಲಿ ನಿನ್ನ ಸ್ಪೀಕರಿನಿಂದ ಹತ್ತು ಹೆಜ್ಜೆ ಆಚೆ ನಿಂತಿದ್ದೆ. ಗಂಗಾಪೂಜೆಯಾಗಿ ಮದುಮಗಳು ನೀರು ಹೊತ್ತು ಬರುತ್ತಿದ್ದಳು. ಪದ್ಧತಿಯಂತೆ ದಾರಿಗೆ ಅಡ್ಡಲಾಗಿ ನಂಟರ ಕುಣಿತ. ಬಹಳ ಹೊತ್ತು ಊದಿದ ವಾಲಗದವರು ನೀರು ಕುಡಿಯಲು ಕೂತಾಗ, ಕುಣಿತ ನಿಲ್ಲಬಾರದೆಂದು ನೀನು ಲ್ಯಾಪ್‌ಟಾಪಿನಲ್ಲಿದ್ದ ವಾಲಗದ ರೆಕಾರ್ಡಿಂಗ್ ಹಾಕಿದೆ, ಅದರ ಮೇಲೆ ಒಂದು ಹೌಸ್ ಟ್ರ್ಯಾಕ್ ಏರಿಸಿದೆ. ಅರ್ಧ ನಿಮಿಷದಲ್ಲಿ ಹೆಜ್ಜೆಗಳು ಚದುರಿದವು. ಅಷ್ಟು ಹೊತ್ತು ಕೈಯೆತ್ತಿ ಕುಣಿಯುತ್ತಿದ್ದ ಅಜ್ಜಿಯೊಬ್ಬರು ಕೈ ಇಳಿಸಿ ಕುರ್ಚಿ ಹುಡುಕಿಕೊಂಡು ಹೋದರು. ಅದನ್ನು ಮರೆಯಲಾಗದೆ ಈ ಪತ್ರ ಬರೆಯುತ್ತಿದ್ದೇನೆ. ಬಹಿರಂಗವಾಗಿ ಬರೆಯುವುದು ನಿನ್ನನ್ನು ಹೀಗಳೆಯಲಿಕ್ಕಲ್ಲ. ನಿನ್ನ ಹಾಗೆ ಕಲಿಯುತ್ತಿರುವ ಹುಡುಗ ಹುಡುಗಿಯರು ಈಗ ಬೇರೆ ಊರುಗಳಲ್ಲೂ ಇದ್ದಾರೆ.

ಆಮೇಲೆ ಕೇಳಿದಾಗ "ಬಿಪಿಎಂ ಸರಿ ಇತ್ತು ಅಕ್ಕ" ಅಂದೆ. ಇತ್ತು, ಒಪ್ಪಿದೆ. ಆದರೆ ನಿಮಿಷಕ್ಕೆ 104 ಪೆಟ್ಟಿನ ವಾಲಗವನ್ನು 124ಕ್ಕೆ ಎಳೆದಿದ್ದೆ. ಅಂದರೆ ಶೇ 19ರಷ್ಟು ವೇಗ ಜಾಸ್ತಿ. ಟರ್ನ್‌ಟೇಬಲ್ಲಿನ ಕಾಲದಲ್ಲಿ ಇದು ಸುಲಭವಿರಲಿಲ್ಲ. 1979ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್ 1200 ಎಂಕೆ2ನ ಪಿಚ್ ಗುಂಡಿ ಶೇ 8ರಾಚೆ ಸರಿಯುತ್ತಿರಲಿಲ್ಲ. ವೇಗ ಏರಿದಂತೆ ಶ್ರುತಿಯೂ ಏರುತ್ತಿತ್ತು. ಸುಮಾರು ಶೇ 6ಕ್ಕೆ ಒಂದು ಸ್ವರಸ್ಥಾನ. 120ರ ಹಾಡನ್ನು 127ಕ್ಕೆ ಒಯ್ದರೆ ಸಿ ಮೈನರ್ ಹೋಗಿ ಹೆಚ್ಚುಕಡಿಮೆ ಸಿ ಶಾರ್ಪ್ ಮೈನರ್. ಈಗ ಕೀ ಲಾಕ್ ಒತ್ತಿದರೆ ಶ್ರುತಿ ಕದಲುವುದಿಲ್ಲ. ಆದರೆ ಅಷ್ಟು ಎಳೆದಾಗ ಊದಿದ ಸ್ವರ ನಡುಗುತ್ತದೆ, ಕೊಟ್ಟ್ ಎಂಬ ಚರ್ಮವಾದ್ಯದ ಪೆಟ್ಟು ಒದ್ದೆ ಬಟ್ಟೆಗೆ ಬಡಿದ ಹಾಗೆ ಕೇಳುತ್ತದೆ. ನನ್ನ ಕಿವಿಗೆ ಅಂದು ಕೇಳಿದ್ದು ಅದೇ.

ಕೀ ವಿಷಯಕ್ಕೆ ಬರುತ್ತೇನೆ. ನಿನ್ನ ಪರದೆಯ ಮೇಲೆ ಹಾಡುಗಳ ಕೀ ಹೊಂದಿಸುವ ಕ್ಯಾಮೆಲಾಟ್ ಚಕ್ರದ ಅಂಕಿಗಳಿದ್ದವು. ಗಡಿಯಾರದಂತೆ 1ರಿಂದ 12; ಮೈನರಿಗೆ ಎ, ಮೇಜರಿಗೆ ಬಿ. ಅದನ್ನು ನೀನು ಕೋಷ್ಟಕದಂತೆ ಬಾಯಿಪಾಠ ಮಾಡಿದ್ದೀಯ. ಅದರೊಳಗಿರುವುದು ನಮ್ಮ ಕರ್ನಾಟಕ ಸಂಗೀತದ ಪಾಠದ ಮನೆಗಳಲ್ಲಿ ಹೇಳಿಕೊಡುವ ಸಂಗತಿಯೇ. 8ಬಿ ಎಂದರೆ ಸಿ ಮೇಜರ್, ನಮ್ಮ ಶಂಕರಾಭರಣದ ಸ್ವರಗಳು. ಅದರ ಧೈವತವನ್ನೇ ಷಡ್ಜ ಮಾಡಿಕೊಂಡು ಹಾಡಿದರೆ ನಠಭೈರವಿ. ಅದೇ 8ಎ, ಎ ಮೈನರ್. ಗ್ರಹಭೇದ ಅನ್ನುತ್ತೇವಲ್ಲ, ಅದು. 8ಬಿಯಿಂದ 9ಬಿಗೆ ಹೋದರೆ ಏಳರಲ್ಲಿ ಆರು ಸ್ವರ ಹಾಗೇ ಉಳಿದು, ಹಳೆಯ ಷಡ್ಜದ ಲೆಕ್ಕದಲ್ಲಿ ಶುದ್ಧ ಮಧ್ಯಮ ಮಾತ್ರ ಪ್ರತಿ ಮಧ್ಯಮವಾಗುತ್ತದೆ. ಪಕ್ಕದ ಅಂಕಿಗೆ ದಾಟಿದರೆ ಕೇಳುವವರಿಗೆ ಹಿತವಾಗುವುದು ಇದರಿಂದ. ರಾಗಕ್ಕೂ ಯಂತ್ರಕ್ಕೂ ಆಗಿಬರುವುದಿಲ್ಲ ಅನ್ನುವವರ ಮಾತು ಕೇಳಬೇಡ. 1982ರಲ್ಲೇ ಮುಂಬಯಿಯ ಚರಣ್‌ಜಿತ್ ಸಿಂಗ್ ಟಿಬಿ 303, ಟಿಆರ್ 808 ಎಂಬ ಯಂತ್ರಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೊ ಬೀಟಿಗೆ ಕೂರಿಸಿದ್ದರು.

ಆದರೆ ವಾಲಗ ಕೀಬೋರ್ಡಿನ ಮನೆಗಳಲ್ಲಿ ಹುಟ್ಟಿದ್ದಲ್ಲ. ಅದರ ಷಡ್ಜ ಎರಡು ಮನೆಗಳ ನಡುವೆ ಎಲ್ಲಿ ಬೇಕಾದರೂ ಇರಬಹುದು, ಸಾಫ್ಟ್‌ವೇರ್ ಮಾತ್ರ ಹತ್ತಿರದ ಒಂದು ಅಂಕಿ ಬರೆದು ಕೈತೊಳೆದುಕೊಳ್ಳುತ್ತದೆ. ನೀನು ಆ ಅಂಕಿಯನ್ನು ನಂಬಿದೆ. ಟ್ರ್ಯಾಕಿನ ಬೇಸ್ ಒಂದು ಕಡೆ, ವಾಲಗದ ಷಡ್ಜ ಅದರಿಂದ ಅರ್ಧ ಸ್ವರಸ್ಥಾನ ಆಚೆ. ಆ ಅಜ್ಜಿಗೆ ಕ್ಯಾಮೆಲಾಟ್ ಗೊತ್ತಿಲ್ಲ, ಅಪಶ್ರುತಿ ಗೊತ್ತು.

ಆದ್ದರಿಂದ ವಾಲಗವನ್ನು ಎಳೆಯಬೇಡ, ಟ್ರ್ಯಾಕನ್ನು ಅದರ ಹತ್ತಿರಕ್ಕೆ ತಾ. ವಾಲಗ 104ರಲ್ಲಿದ್ದರೆ 108ರ ಆಸುಪಾಸಿನ ಮೂಂಬಾಟನ್ ಶೈಲಿಯ ಟ್ರ್ಯಾಕ್ ಇದೆ, ಸ್ವಲ್ಪ ಇಳಿಸಿದರೆ ಸಾಕು. 96ರಲ್ಲಿದ್ದರೆ 128ರ ಹೌಸ್ ಕೂಡ ಆದೀತು: ಇದರ ಮೂರು ಪೆಟ್ಟಿಗೆ ಅದರ ನಾಲ್ಕು. ಶ್ರುತಿಯನ್ನೂ ಹಾಗೇ, ಟ್ರ್ಯಾಕಿನದ್ದನ್ನೇ ಕೂದಲೆಳೆಯಷ್ಟು ಸರಿಸು. ಮನುಷ್ಯರು ನುಡಿಸಿದ್ದರ ಲಯ ಕುಣಿತದ ಹುರುಪಿಗೆ ಏರುತ್ತದೆ, ಇಳಿಯುತ್ತದೆ. ಗ್ರಿಡ್ಡಿಗೆ ಕಟ್ಟಿ ಅದನ್ನು ನೇರ ಮಾಡಬೇಡ, ಕೈಯಿಂದಲೇ ಹಿಂಬಾಲಿಸು. ಕಷ್ಟವಿದೆ. ನಿನ್ನ ಕೈಗೆ ಆಗುತ್ತದೆ. ಅದೇ ರಾತ್ರಿ ಹನ್ನೊಂದರ ಮೇಲೆ ನೀನು ಎರಡು ಟೆಕ್ನೋ ಟ್ರ್ಯಾಕ್‌ಗಳನ್ನು ಸೇರಿಸಿದ ಜಾಗ ನನಗೇ ತಿಳಿಯಲಿಲ್ಲ.

ಮಡಿಕೇರಿ ದಸರಾದ ರಾತ್ರಿ ಹತ್ತು ಮಂಟಪಗಳು ಮೆರವಣಿಗೆ ಹೊರಡುವಾಗ ಒಂದರ ಸದ್ದು ಇನ್ನೊಂದರ ಮೇಲೆ ಬೀಳುವುದನ್ನು ನೀನೊಬ್ಬನೇ ತಡೆಯಲಾರೆ. ಮದುವೆ ಮನೆಯಲ್ಲಿ ಹಾಗಲ್ಲ, ಅಲ್ಲಿ ಎಲ್ಲ ಫೇಡರುಗಳೂ ನಿನ್ನ ಬೆರಳಿನ ಕೆಳಗಿರುತ್ತವೆ.

ಮುಂದಿನ ಮದುವೆಗೆ ನಾನೂ ಬರುತ್ತೇನೆ. ವೈರ್ ಎಳೆದಾದ ಮೇಲೆ ವಾಲಗದವರ ಹತ್ತಿರ ಹೋಗು, "ಒಮ್ಮೆ ಶ್ರುತಿ ಹಿಡಿಯಿರಣ್ಣ" ಎಂದು ಕೇಳು. ಒಂದು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿಕೋ, ಹೆಡ್‌ಫೋನಿನಲ್ಲಿ ಕೇಳುತ್ತ ಆ ಷಡ್ಜವನ್ನು ಗುನುಗು, ಆಮೇಲೆ ಟ್ರ್ಯಾಕ್ ಆರಿಸು. ಆ ಅಜ್ಜಿಯನ್ನೂ ಕರೆದುಕೊಂಡು ಬರುತ್ತೇನೆ.

ಇತಿ,
ನಿನ್ನ ಅಕ್ಕ