ಕೋಲಾಟಕ್ಕೆ ಬನ್ನಿ ಅಕ್ಕ

ಅಕ್ಕ, ಬಟ್ಟೆ ಒಣಹಾಕುತ್ತಾ ನಿನ್ನೆ ನೀವೊಂದು ಮಾತು ಅಂದಿರಲ್ಲ, “ಇದ್ದ ಸ್ನೇಹಿತರೇ ಒಬ್ಬೊಬ್ಬರಾಗಿ ಹೊರಟುಹೋಗ್ತಿದಾರೆ, ಇನ್ನು ಈ ವಯಸ್ಸಿನಲ್ಲಿ ಹೊಸಬರ ಸಹವಾಸ ಯಾಕೆ” ಅಂತ, ಅದು ನನಗೆ ಒಪ್ಪಿಗೆಯಾಗಲಿಲ್ಲ. ಹೋದವರ ಜಾಗ ಯಾರೂ ತುಂಬೋಕಾಗಲ್ಲ, ನಿಜ. ಆದರೆ ಹೊಸ ಸ್ನೇಹ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗೋದೇ ಈ ವಯಸ್ಸಿನಲ್ಲಿ. ಒಲೆ ಮೇಲೆ ಏನೂ ಇಟ್ಟು ಬಂದಿಲ್ಲ ತಾನೆ? ಹಾಗಾದರೆ ಸ್ವಲ್ಪ ಹೊತ್ತು ನಿಂತು ಕೇಳಿ.

ಸಣ್ಣವರಿದ್ದಾಗ ನಾವು ಸ್ನೇಹಿತರನ್ನು ಹುಡುಕಿಕೊಂಡು ಹೋದದ್ದುಂಟೆ? ಸ್ಕೂಲಿನಲ್ಲಿ ಒಂದೇ ಬೆಂಚು, ಬೀದಿ ನಲ್ಲಿಯ ಹತ್ತಿರ ಬಿಂದಿಗೆ ಸಾಲು, ಆಫೀಸಿನಲ್ಲಿ ಒಟ್ಟಿಗೆ ಬಿಚ್ಚುತ್ತಿದ್ದ ಊಟದ ಡಬ್ಬಿ, ಮಕ್ಕಳನ್ನು ಬಿಡೋಕೆ ಹೋದಾಗ ಶಾಲೆಯ ಗೇಟು. ದಿನಾ ಅದೇ ಹೊತ್ತಿಗೆ ಅದೇ ಮುಖ ನೋಡಿ ನೋಡಿ ಸ್ನೇಹ ತಾನಾಗಿ ಬೆಳೀತು. ರಿಟೈರ್ ಆದ ದಿನ, ಮಕ್ಕಳು ಬೇರೆ ಊರಿಗೆ ಹೋದ ದಿನ, ಈ ನೆಪಗಳೆಲ್ಲ ಒಂದೇ ಸಲ ಕೈಬಿಟ್ಟು ಹೋಗ್ತವೆ. ಬರಬರುತ್ತಾ ನಮ್ಮನ್ನು ಹೆಸರು ಹಿಡಿದು ಕರೆಯುವವರೇ ಇಲ್ಲದ ಹಾಗಾಗುತ್ತೆ. ಅಮ್ಮ, ಅತ್ತೆ, ಅಜ್ಜಿ, ಆಂಟಿ, ಅಷ್ಟೆ. ಸ್ನೇಹ ಬೇಡ ಅಂತ ಯಾರ ಮನಸ್ಸೂ ಅನ್ನೋದಿಲ್ಲ ಅಕ್ಕ, ಸೇರೋದಕ್ಕೆ ನೆಪ ಇರೋದಿಲ್ಲ. ಆ ನೆಪವನ್ನು ಈಗ ನಾವೇ ಮಾಡಿಕೊಳ್ಳಬೇಕು. ಕ್ಲಬ್ಬು, ಭಜನಾ ಮಂಡಳಿ, ಕೋಲಾಟ, ನಾಲ್ಕು ಜನಕ್ಕೆ ಮಾಡುವ ಸೇವೆ, ಎಲ್ಲವೂ ಅಂಥ ನೆಪಗಳೇ.

ನೆಪ ಮಾಡಿಕೊಳ್ಳದೆ ಒಂಟಿಯಾಗಿ ಕೂತರೆ ಏನಾಗುತ್ತೆ ಅಂತ ಕೇಳಿ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಗೊತ್ತಲ್ಲ, ಆ ಊರಿನ ಮನೆತನದ ವಿವೇಕ್ ಮೂರ್ತಿ ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯ ವೈದ್ಯಾಧಿಕಾರಿ ಆಗಿದ್ದರು. 2023ರಲ್ಲಿ ಅವರು ಆ ದೇಶಕ್ಕೆಲ್ಲ ಒಂದು ಎಚ್ಚರಿಕೆಯ ವರದಿ ಕೊಟ್ಟರು, ಅದೂ ಒಂಟಿತನದ ಬಗ್ಗೆ. ಜನರ ಒಡನಾಟ ಇಲ್ಲದ ಬದುಕು ದಿನಕ್ಕೆ 15 ಸಿಗರೇಟು ಸೇದಿದಷ್ಟು ಆಯಸ್ಸಿಗೆ ಕೆಡುಕು ಮಾಡಬಲ್ಲದು, ಹೃದಯಕ್ಕೂ ನೆನಪಿನ ಶಕ್ತಿಗೂ ಪೆಟ್ಟು ಕೊಡಬಲ್ಲದು ಅಂತ ಆ ವರದಿಯಲ್ಲಿದೆ. ನಮ್ಮ ಮನೆಗಳಲ್ಲಿ ತಾತ ಒಂದು ಸಿಗರೇಟು ಹಚ್ಚಿದರೆ ಸಾಕು, ಮನೆಮಂದಿಯೆಲ್ಲ ಬೈತಾರೆ. ಅದೇ ತಾತ ಮೂರು ದಿನ ಯಾರ ಹತ್ತಿರವೂ ಮಾತಾಡದೆ ಟೀವಿ ಮುಂದೆ ಕೂತಿದ್ದರೆ “ಆರಾಮಾಗಿದಾರೆ, ತೊಂದರೆ ಇಲ್ಲ” ಅಂತೀವಿ.

ನಮ್ಮ ಕೋಲಾಟದ ಗುಂಪಿನ ವಿಷಯ ಹೇಳ್ತೀನಿ ಕೇಳಿ. ದೇವಸ್ಥಾನದ ಹಿಂದಿನ ಅಂಗಳದಲ್ಲಿ ಸಂಜೆ ಸೇರ್ತೀವಿ. ಎಲ್ಲರದೂ ಅರವತ್ತು ದಾಟಿದ ಕಾಲು. ಮೊದಲು ಬರೀ ಕೈಕೋಲು, ಎದುರಿನವರ ಕೋಲಿಗೆ ತಾಕಿಸಿ ತಿರುಗೋದು. ಆಮೇಲೆ ಜಡೆ ಕೋಲಾಟ. ಊರ ಹಬ್ಬದಲ್ಲಿ ನೀವೂ ನೋಡಿರ್ತೀರಿ. ಮೇಲೊಂದು ಕೊಕ್ಕೆಗೆ ಬಣ್ಣಬಣ್ಣದ ಹಗ್ಗ ಕಟ್ಟಿರ್ತಾರೆ, ಒಂದೊಂದರ ತುದಿ ಒಬ್ಬೊಬ್ಬರ ಕೈಯಲ್ಲಿ. ಜನ ಜೋಡಿ ಲೆಕ್ಕದಲ್ಲೇ ಇರಬೇಕು. ಅರ್ಧ ಜನ ಬಲಕ್ಕೆ ಸುತ್ತಿದರೆ ಇನ್ನರ್ಧ ಜನ ಎಡಕ್ಕೆ. ಎದುರು ಬಂದ ಒಬ್ಬರ ಒಳಗಿನಿಂದ ದಾಟಿ, ಮುಂದಿನವರ ಹೊರಗಿನಿಂದ ದಾಟಿ, ಹಾಡಿಗೆ ಸರಿಯಾಗಿ ಹೆಜ್ಜೆ ಹಾಕುತ್ತಾ ಹೋದರೆ ಮೇಲಿನಿಂದ ಜಡೆ ಹೆಣೆದುಕೊಂಡು ಇಳಿಯುತ್ತೆ. ಹೆಣೆದದ್ದು ಅರ್ಧ ಆಟ. ಅದೇ ಹೆಜ್ಜೆಯನ್ನು ಹಿಂದುಮುಂದಾಗಿ ಹಾಕಿ ಪೂರ್ತಿ ಬಿಚ್ಚಿದರೇನೇ ಆಟ ಮುಗೀತು.

ನಡುವೆ ಒಬ್ಬರು ಒಳಗೆ ಹೋಗುವ ಕಡೆ ಹೊರಗೆ ಹೋದರು ಅನ್ನಿ, ಗಂಟು ಬೀಳುತ್ತೆ. ಗಂಟು ಬಿದ್ದರೆ ಯಾರೂ ಮುಂದೆ ಹೋಗೋ ಹಾಗಿಲ್ಲ. ಹಾಡು ನಿಲ್ಲುತ್ತೆ, ಎಲ್ಲರೂ ಕತ್ತೆತ್ತಿ ನೋಡ್ತಾರೆ. “ಕೆಂಪು ಹಗ್ಗದವರೇ, ಎರಡು ಹೆಜ್ಜೆ ಹಿಂದೆ ಬನ್ನಿ. ಹಸಿರಿನವರು ಬಗ್ಗಿ.” ಬೈಯುವವರಿಲ್ಲ. ಗಂಟು ಯಾರಿಂದ ಬಿತ್ತು ಅಂತ ಕೇಳೋದಕ್ಕಿಂತ ಅದನ್ನು ಬಿಡಿಸೋದೇ ಎಲ್ಲರಿಗೂ ಮುಖ್ಯ. ಇನ್ನೊಂದು ಮಾತು. ಎಂಟು ಹಗ್ಗ ಕಟ್ಟಿದ ಮೇಲೆ ಏಳು ಜನ ಬಂದರೆ ಆಟ ಇಲ್ಲ. ಅದಕ್ಕೇ ಒಬ್ಬರು ಕಾಣದಿದ್ದರೆ ತಕ್ಷಣ ಫೋನು ಹೋಗುತ್ತೆ: “ಯಾಕ್ರೀ ಬರಲಿಲ್ಲ? ಮಂಡಿ ನೋವೇ? ಸಾರು ಮಾಡಿ ಕಳಿಸಲಾ?” ವಯಸ್ಸಾದವರಿಗೆ ಈ ಫೋನಿಗಿಂತ ದೊಡ್ಡ ಔಷಧಿ ಇಲ್ಲ ಅಂತ ನಾನು ನಂಬಿದ್ದೀನಿ. ನಾವು ಹೋಗದಿದ್ದರೆ ಎಲ್ಲೋ ಒಂದು ಕಡೆ ಕೆಲಸ ನಿಲ್ಲುತ್ತೆ ಅನ್ನೋದು ತಿಳಿದರೆ ಮನುಷ್ಯ ಬೆಳಿಗ್ಗೆ ಎದ್ದು ತಲೆ ಬಾಚಿಕೊಳ್ತಾನೆ.

ಕುಣಿತದಿಂದ ಬುದ್ಧಿಗೂ ಒಳ್ಳೇದು ಅನ್ನೋದಕ್ಕೆ ದಾಖಲೆಯೂ ಇದೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 75 ವರ್ಷ ದಾಟಿದ 469 ಜನರನ್ನು ವೈದ್ಯರು ವರ್ಷಗಟ್ಟಲೆ ಗಮನಿಸಿ 2003ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬರೆದರು. ಓದು, ಚದುರಂಗದಂಥ ಆಟ, ವಾದ್ಯ ನುಡಿಸೋದು, ಕುಣಿತ, ಈ ಅಭ್ಯಾಸ ಇದ್ದವರಲ್ಲಿ ಮರೆವಿನ ಕಾಯಿಲೆ ಕಡಿಮೆ ಕಂಡಿತು. ಮೈ ಬಗ್ಗಿಸುವ ಚಟುವಟಿಕೆಗಳ ಪೈಕಿ ಆ ಲಾಭ ಕಂಡದ್ದು ಕುಣಿತದಲ್ಲಿ ಮಾತ್ರ. ಕುಣಿದವರಿಗೆಲ್ಲ ಮರೆವು ಬರೋದೇ ಇಲ್ಲ ಅಂತ ಇದರ ಅರ್ಥ ಅಲ್ಲ. ಗಟ್ಟಿಮುಟ್ಟಾಗಿರುವವರೇ ಕುಣಿಯೋಕೆ ಬಂದಿರಬಹುದು. ಆದರೂ ಹಾಡು ಕೇಳಿಸಿಕೊಂಡು, ಹೆಜ್ಜೆ ಎಣಿಸಿ, ಎದುರಿನವರನ್ನು ನೋಡಿಕೊಂಡು ತಿರುಗೋ ಕೆಲಸದಲ್ಲಿ ತಲೆಗೆ ಬಿಡುವೆಲ್ಲಿ?

ಕುಣಿಯೋಕೆ ಆಗದವರಿಗೆ ನಗೆಕೂಟ ಇದೆ. ಲಾಲ್‌ಬಾಗಿಗೋ ಯಾವುದಾದರೂ ಪಾರ್ಕಿಗೋ ಬೆಳಿಗ್ಗೆ ಹೋದರೆ ಕೈಯೆತ್ತಿ ನಗುವವರ ದನಿ ಕೇಳಿರ್ತೀರಿ. ಇದು ಶುರುವಾದದ್ದು 1995ರ ಮಾರ್ಚ್‌ನಲ್ಲಿ, ಮುಂಬೈಯ ಒಂದು ಪಾರ್ಕಿನಲ್ಲಿ. ಮದನ್ ಕಟಾರಿಯಾ ಅನ್ನುವ ಡಾಕ್ಟರು, ಅವರ ಜೊತೆ ಬೆರಳೆಣಿಕೆಯ ಜನ. ಮೊದಮೊದಲು ಜೋಕು ಹೇಳಿ ನಗ್ತಿದ್ದರಂತೆ. ಕೆಲವು ದಿನಗಳಲ್ಲೇ ಒಳ್ಳೆಯ ಜೋಕು ಮುಗಿದು, ಮನಸ್ಸು ನೋಯಿಸುವಂಥವು ಬರತೊಡಗಿದವು. ಆಗ ಡಾಕ್ಟರು ಜೋಕನ್ನೇ ಬಿಟ್ಟು, ಕಾರಣ ಇಲ್ಲದೆ ನಗೋದನ್ನೇ ಅಭ್ಯಾಸ ಮಾಡಿಸಿದರು. ಒಬ್ಬರ ಮುಖ ನೋಡಿ ಇನ್ನೊಬ್ಬರಿಗೆ ನಿಜವಾದ ನಗು ಬಂತು. ಅಲ್ಲಿ ಕಲಿಯೋದು ಇಷ್ಟೆ: ಸಂತೋಷ ಬಂದ ಮೇಲೆ ಜನರ ನಡುವೆ ಹೋಗ್ತೀನಿ ಅಂತ ಕಾಯಬಾರದು, ಜನರ ನಡುವೆ ಹೋದರೆ ಸಂತೋಷ ಬರುತ್ತೆ.

ನೀವು ಬಾಯಿ ಬಿಟ್ಟು ಹೇಳದ ಕಾರಣವೂ ನನಗೆ ಗೊತ್ತು ಅಕ್ಕ. ಯಜಮಾನರು ಹೋದ ಮೇಲೆ ನೀವು ಮದುವೆ ಮನೆಗೆ ಹೋದರೂ ಹಿಂದಿನ ಸಾಲಿನಲ್ಲಿ ಕೂರ್ತೀರಿ, ಆರತಿಗೆ ಕರೆದಾಗ ಎದ್ದು ಒಳಗೆ ಹೋಗ್ತೀರಿ. “ನಾನು ಕೋಲು ಹಿಡಿದು ಕುಣಿದರೆ ನಾಲ್ಕು ಜನ ಏನಂತಾರೆ” ಅನ್ನೋದು ನಿಮ್ಮ ಅಳುಕು. ನಮ್ಮ ಗುಂಪಿನಲ್ಲಿ ಗಂಡ ಇರುವವರು, ಇಲ್ಲದವರು, ಮದುವೆಯೇ ಆಗದವರು ಎಲ್ಲರೂ ಇದ್ದಾರೆ. ಹಗ್ಗ ಹಿಡಿದ ಮೇಲೆ ಕೇಳುವ ಪ್ರಶ್ನೆ ಒಂದೇ: ಒಳಗೋ, ಹೊರಗೋ? ಹೆಂಗಸಿನ ಬದುಕಿನ ಬಣ್ಣವನ್ನೆಲ್ಲ ಒಬ್ಬರ ಉಸಿರಿಗೆ ಕಟ್ಟಿಹಾಕಿದ ಹಳೆಯ ಕ್ರೂರ ವಾಡಿಕೆಯನ್ನು ಮುರಿಯೋಕೆ ಭಾಷಣ ಬೇಕಿಲ್ಲ. ಬಣ್ಣದ ಸೀರೆ ಉಟ್ಟು ಅಂಗಳಕ್ಕೆ ಬಂದರೆ ಸಾಕು.

ಗಂಡಸರ ಪಾಡು ಇದಕ್ಕಿಂತ ಕಷ್ಟ. ನಮಗೆ ಅರಿಶಿನ ಕುಂಕುಮ, ಲಲಿತಾ ಸಹಸ್ರನಾಮ ಅಂತ ಏನೋ ಒಂದು ಕರೆ ಬರುತ್ತೆ. ಅವರಿಗೆ ಆಫೀಸು ಮುಗಿದರೆ ಪೇಪರು, ಟೀವಿ, ಬ್ಯಾಂಕು. ಮಾಸ್ತಿಯವರನ್ನು ನೆನೆಸಿಕೊಳ್ಳಿ. 1940ರ ದಶಕದಲ್ಲೇ ಸರ್ಕಾರಿ ನೌಕರಿ ಬಿಟ್ಟವರು, ಬದುಕಿದ್ದು 1986ರವರೆಗೆ. ಅಷ್ಟು ದೊಡ್ಡ ಲೇಖಕರು, ‘ಚಿಕವೀರ ರಾಜೇಂದ್ರ’ಕ್ಕೆ ಜ್ಞಾನಪೀಠ ಬಂದವರು, ಸಂಜೆಯಾದರೆ ಬಸವನಗುಡಿಯ ಕ್ಲಬ್ಬಿಗೆ ಹೋಗಿ ಇಸ್ಪೀಟು ಆಡ್ತಿದ್ದರು. ಬರವಣಿಗೆ ಎಷ್ಟಿದ್ದರೂ ಸಂಜೆ ಸ್ನೇಹಕ್ಕೆ. ಡಿ.ವಿ.ಜಿ. ಅವರು 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದಾಗ ಅರವತ್ತರ ಹತ್ತಿರ ಇದ್ದರು. ವಯಸ್ಸಾದ ಮೇಲೆ ಅವರ ಸುತ್ತ ಕಿರಿಯರು ಓದೋಕೆ, ಚರ್ಚೆಗೆ ಅಂತ ಸೇರ್ತಿದ್ದರು. ಅದಕ್ಕೂ ಮೊದಲೇ, 1917ರಲ್ಲಿ, ವಿಶ್ವೇಶ್ವರಯ್ಯನವರು ಬೆಂಗಳೂರಿನಲ್ಲಿ ಸೆಂಚುರಿ ಕ್ಲಬ್ ಶುರುಮಾಡಿದ್ದರು. ಕೆಲಸ ಅಂದರೆ ಪ್ರಾಣ ಬಿಡುತ್ತಿದ್ದ ಅವರಿಗೂ ಜನ ಸೇರಲಿಕ್ಕೆ ಒಂದು ಜಾಗ ಬೇಕು ಅನ್ನಿಸಿತ್ತು. ನಿಮ್ಮ ತಮ್ಮ ರಿಟೈರ್ ಆಗಿ ಸದಾ ಸಿಡುಕ್ತಾರೆ ಅಂದಿರಲ್ಲ, ಅವರ ಸಿಡುಕಿಗೆ ಸಕ್ಕರೆ ಕಾಯಿಲೆ ಕಾರಣ ಅಲ್ಲ, ಸಂಜೆ ಹೋಗೋಕೆ ಜಾಗ ಇಲ್ಲದ್ದೇ ಕಾರಣ.

ಆಟ ಇಷ್ಟವಿಲ್ಲದಿದ್ದರೆ ಸೇವೆ ಇದೆ. ಬೆಂಗಳೂರಿನಲ್ಲಿ ಮಿತ್ರಜ್ಯೋತಿ ಅಂತ ಸಂಸ್ಥೆ ಇದೆ, 1990ರಲ್ಲಿ ಶುರುವಾದದ್ದು. ಕಣ್ಣು ಕಾಣದವರಿಗಾಗಿ ಅಲ್ಲಿ ಓದಿ ಧ್ವನಿಮುದ್ರಿಸಿದ ಪುಸ್ತಕಗಳ ಗ್ರಂಥಾಲಯ ನಡೆಸ್ತಾರೆ. ಇಂಥ ಓದಿಗೆ ನಿವೃತ್ತ ಮೇಷ್ಟ್ರಿಗಿಂತ ಒಳ್ಳೆಯ ಗಂಟಲು ಎಲ್ಲಿ ಸಿಗುತ್ತೆ? ಓದೋದು ಸುಲಭ ಅಂದುಕೊಳ್ಳಬೇಡಿ. ಅಧ್ಯಾಯದ ಹೆಸರು, ಪುಟದ ಸಂಖ್ಯೆ ಹೇಳಬೇಕು. ಕೋಷ್ಟಕ ಬಂದರೆ ಯಾವ ಸಾಲು, ಯಾವ ಕಂಬಸಾಲು ಅಂತ ಬಿಡಿಸಿ ಓದಬೇಕು. ಭೂಪಟ ಬಂದರೆ ಇನ್ನೂ ಕಷ್ಟ. ಕಾವೇರಿ ತಲಕಾವೇರಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯೋದನ್ನು ಕಣ್ಣಿನಿಂದ ನೋಡದ ಹುಡುಗಿಗೆ ಮಾತಿನಲ್ಲೇ ತೋರಿಸಬೇಕು. ಅಷ್ಟು ಹೊತ್ತು ನಮ್ಮ ನೋವು, ಬಿ.ಪಿ., ಸೊಸೆ ಆಡಿದ ಮಾತು ಯಾವುದೂ ನೆನಪಿಗೆ ಬರೋದಿಲ್ಲ. ಇನ್ನು ಬರೆಯಲಾಗದವರ ಅರ್ಜಿ ತುಂಬಿಕೊಡೋದು, ಸರ್ಕಾರಿ ಆಸ್ಪತ್ರೆಯಲ್ಲಿ ಹಳ್ಳಿಯಿಂದ ಬಂದವರಿಗೆ ಚೀಟಿ ಎಲ್ಲಿ ಮಾಡಿಸಬೇಕು ಅಂತ ದಾರಿ ತೋರಿಸೋದು, ಪಕ್ಕದ ಶಾಲೆಯಲ್ಲಿ ಮಗ್ಗಿ ಹೇಳಿಸೋದು, ಇವೂ ಸೇವೆಯೇ. ದಾನ ಕೊಟ್ಟು ಮನೆಗೆ ಬಂದರೆ ಪುಣ್ಯ ಮಾತ್ರ ಸಿಗುತ್ತೆ, ಒಟ್ಟಿಗೆ ಕೂತು ಕೆಲಸ ಮಾಡಿದರೆ ಪುಣ್ಯದ ಜೊತೆ ಸ್ನೇಹಿತರೂ ಸಿಗ್ತಾರೆ.

ಕಲಿಯೋದು, ಕಲಿಸೋದು ಕೂಡ ಸೇರೋಕೆ ಒಂದು ನೆಪವೇ. ಫ್ರಾನ್ಸಿನ ಟುಲೂಸ್ ನಗರದಲ್ಲಿ 1973ರಲ್ಲಿ ಪಿಯೆರ್ ವೆಲ್ಲಾ ಅನ್ನುವ ಪ್ರಾಧ್ಯಾಪಕರು ಹಿರಿಯರಿಗಾಗಿಯೇ ಒಂದು ವಿದ್ಯಾಲಯ ತೆರೆದರು. ಮುಂದೆ ಅದು ಬ್ರಿಟನ್ನಿಗೆ ಬಂದಾಗ ಇನ್ನೂ ಚೆನ್ನಾಗಿ ಬೆಳೆಯಿತು. ಅಲ್ಲಿ ಮೇಷ್ಟ್ರು ಬೇರೆ, ವಿದ್ಯಾರ್ಥಿ ಬೇರೆ ಅಂತಿಲ್ಲ. ತೋಟ ಬಲ್ಲವರು ತೋಟ ಹೇಳಿಕೊಡ್ತಾರೆ, ಇತಿಹಾಸ ಬಲ್ಲವರು ಇತಿಹಾಸ. ಪರೀಕ್ಷೆಯೂ ಇಲ್ಲ. ನಮ್ಮ ಬೀದಿಯಲ್ಲಿ ಅದು ಯಾಕಾಗಬಾರದು? ನಿಮಗೆ ಕುಮಾರವ್ಯಾಸನ ಗಮಕ ಬರುತ್ತೆ. ಮೂಲೆಮನೆಯವರು ಚೆನ್ನಾಗಿ ಕ್ರೋಷಾ ಹಾಕ್ತಾರೆ. ಎದುರುಮನೆ ತಾತ ಅಂಚೆ ಇಲಾಖೆಯಲ್ಲಿದ್ದವರು, ಪಿಂಚಣಿ ಕಾಗದದಲ್ಲಿ ಅವರಿಗೆ ತಿಳಿಯದ್ದಿಲ್ಲ. ಮೂರು ಮನೆಗೇ ಮೂರು ವಿದ್ಯೆ ಆಯ್ತಲ್ಲ!

ಅಡ್ಡಿಗಳೂ ಇವೆ ಅನ್ನಿ, ಅವಕ್ಕೆ ದಾರಿಯೂ ಇದೆ. ಮಂಡಿ ನೋವಿದ್ದರೆ ಡಾಕ್ಟರನ್ನು ಕೇಳಿ, ಟೈಲ್ಸ್ ಮೇಲೆ ಬೇಡ, ಮಣ್ಣಿನ ನೆಲದ ಮೇಲೆ ಸಣ್ಣ ಹೆಜ್ಜೆ ಹಾಕಿ. ಕುರ್ಚಿಯಲ್ಲಿ ಕೂತು ತಾಳ ಹಾಕುವವರೂ ಗುಂಪಿನವರೇ. ದೂರ ಅಂತೀರಾ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಮೊಮ್ಮಗನನ್ನು ಯಾರು ನೋಡಿಕೊಳ್ತಾರೆ ಅಂದರೆ, ವಾರಕ್ಕೆ ಎರಡು ಸಂಜೆ ಅವನ ಅಪ್ಪ ಅಮ್ಮ ನೋಡಿಕೊಳ್ಳಲಿ. ಕೇಳೋಕೆ ಸಂಕೋಚ ಬೇಡ. ಗುಂಪು ಆರಿಸುವಾಗ ಮಾತ್ರ ಮೂರು ವಿಷಯ ನೋಡಿ: ಮನೆಗೆ ಹತ್ತಿರ ಇರಬೇಕು, ದಿನ ಮತ್ತು ಹೊತ್ತು ಗೊತ್ತಾಗಿರಬೇಕು, ಶೌಚಾಲಯಕ್ಕೆ ಮೆಟ್ಟಿಲು ಹತ್ತುವ ಹಾಗಿರಬಾರದು. ಚೀಟಿ, ಬಡ್ಡಿ, ದುಡ್ಡು ಹೂಡಿ ಅನ್ನುವ ಮಾತು ಬಂದ ಗುಂಪಿನಿಂದ ಅವತ್ತೇ ಎದ್ದು ಬನ್ನಿ. ಮೊದಲ ವಾರ ಯಾರೂ ಮಾತಾಡಿಸಲಿಲ್ಲ ಅಂತ ಬಿಟ್ಟುಬಿಡಬೇಡಿ. ಮುಖ ಪರಿಚಯ ಮಾತಾಗೋಕೆ, ಮಾತು ಸ್ನೇಹವಾಗೋಕೆ ತಿಂಗಳುಗಳು ಬೇಕು. ತೀರಾ ಒಂಟಿಯಾಗಿರುವ ಹಿರಿಯರು ಗೊತ್ತಿದ್ದರೆ ಅವರಿಗೆ 14567 ನಂಬರು ಬರೆದುಕೊಡಿ. ಅದು ಹಿರಿಯರಿಗಾಗಿಯೇ ಇರುವ ಸಹಾಯವಾಣಿ, ಕರೆಗೆ ಖರ್ಚಿಲ್ಲ.

2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿ ಮೀರಿದ್ದರು, ಈಗ ಇನ್ನೂ ಜಾಸ್ತಿ. ಅಂದರೆ ಒಂದೊಂದು ಬೀದಿಯಲ್ಲೂ ಜೊತೆಗಾಗಿ ಕಾಯ್ತಿರುವವರು ಇದ್ದೇ ಇದ್ದಾರೆ, ಕರೆಯುವವರು ಕಡಿಮೆ. ಅಕ್ಕ, ನೀವು ಬನ್ನಿ, ಬರುವಾಗ ಮೂಲೆಮನೆಯವರನ್ನೂ ಕರ್ಕೊಂಡು ಬನ್ನಿ. ಇದನ್ನು ಓದುತ್ತಿರುವ ನಿಮ್ಮಲ್ಲೂ ನನ್ನದು ಇದೇ ಕೋರಿಕೆ. ನಿಮ್ಮ ಬೀದಿಯಲ್ಲಿ ಗುಂಪು ಇದ್ದರೆ ಈ ವಾರವೇ ಸೇರಿ. ಇಲ್ಲದಿದ್ದರೆ ನೀವೇ ಒಂದು ದಿನ, ಒಂದು ಹೊತ್ತು ಗೊತ್ತು ಮಾಡಿ ಇಬ್ಬರನ್ನು ಕರೆಯಿರಿ. ಶುರು ಮಾಡೋಕೆ ಮೂರು ಜನ ಸಾಕು.